ಐವತ್ತರ ನಂತರ ಅವ್ವನ ಉಸಿರು

ಕಳೆದ ಚಳಿಗಾಲದಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆಂದು ನನ್ನ ಅಕ್ಕ ಬಸವಕಲ್ಯಾಣದ ಕಡೆಯಿಂದ ಬೇಮಳಖೇಡದ ನಮ್ಮ ಮನೆಗೆ ಬಂದಿದ್ದಳು. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತರಲು ಹೊರಟವಳು ಹದಿನೆಂಟು ಮೆಟ್ಟಿಲಿಗೆ ಎರಡು ಸಲ ನಿಂತಳು. ಗೋಡೆಗೆ ಕೈಕೊಟ್ಟು, ಬಾಯಿ ತೆರೆದು ಉಸಿರೆಳೆದುಕೊಂಡಳು. 'ಏನಾಗ್ಯಾದ ಅಕ್ಕಾ?' ಎಂದೆ. 'ಏನಿಲ್ಲೋ ತಮ್ಮಾ, ದಮ್ಮು ಹತ್ಲಕತ್ತದ ಅಷ್ಟೇ' ಎಂದಳು.

'ವಯಸ್ಸಾಯ್ತಲ್ಲ' ಎಂದು ನಾನು ಸುಮ್ಮನಾದೆ. ಆದರೆ ಅಂಗಳದಲ್ಲಿ ಓದುತ್ತ ಕುಳಿತಿದ್ದ ನನ್ನ ಮಗಳು ಸುಮ್ಮನಾಗಲಿಲ್ಲ. 'ಅಪ್ಪಾ, ಅತ್ತಿ ನಿಮಗಿಂತ ಎರಡೇ ವರ್ಷ ದೊಡ್ಡಾಕಿ. ನೀವು ದಿನಾ ನಾಲ್ಕು ಸಲ ಮಾಳಿಗಿ ಹತ್ತಿ ಇಳೀತೀರಿ. ನಿಮಗ್ಯಾಕ ದಮ್ಮು ಹತ್ತಂಗಿಲ್ಲ?' ಎಂದು ಕೇಳಿದಳು.

ಮೂವತ್ತು ವರ್ಷಗಳ ಹತ್ತಿರ ಹತ್ತಿರ ಮಕ್ಕಳಿಗೆ ಉಸಿರಾಟದ ಪಾಠ ಹೇಳಿದವನು ನಾನು. ಗಾಜಿನ ಜಾಡಿ, ಬಲೂನು, ರಬ್ಬರು ಹಾಳೆ ಇಟ್ಟುಕೊಂಡು ವಪೆಯ ಚಲನೆಯನ್ನು ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಮನೆಯ ಹೆಂಗಸರು ಹೇಗೆ ಉಸಿರಾಡುತ್ತಿದ್ದಾರೆ ಎಂದು ಒಂದು ದಿನವೂ ನೋಡಿದವನಲ್ಲ. ನಮ್ಮ ಅವ್ವ ಕೊನೆಯ ಹತ್ತು ವರ್ಷ ಕೆಮ್ಮುತ್ತಲೇ ಇದ್ದಳು. ಅದನ್ನೂ ನಾವು 'ವಯಸ್ಸು' ಎಂದೇ ಕರೆದೆವು.

ವೈದ್ಯರು ಕೇಳಿದ ಎರಡು ಪ್ರಶ್ನೆ

ಮರುವಾರ ಅಕ್ಕನನ್ನು ಬೀದರಿನ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಸ್ಪೈರೋಮೀಟರ್ ಎಂಬ ಯಂತ್ರದ ನಳಿಕೆಯನ್ನು ಅಕ್ಕನ ಬಾಯಿಗಿಟ್ಟು, ಎದೆ ತುಂಬ ಗಾಳಿ ಎಳೆದುಕೊಂಡು ಜೋರಾಗಿ ಊದಲು ಹೇಳಿದರು. ಆರೋಗ್ಯವಂತರು ಹೀಗೆ ಊದಿದಾಗ ಒಟ್ಟು ಗಾಳಿಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಭಾಗ ಮೊದಲ ಒಂದು ಸೆಕೆಂಡಿನಲ್ಲೇ ಹೊರಬೀಳುತ್ತದೆ. ಅಕ್ಕನಿಗೆ ಅಷ್ಟು ಆಗಲಿಲ್ಲ. ಗಾಳಿಯ ನಾಳಗಳು ಕಿರಿದಾಗಿವೆ ಎಂಬುದು ಅದರ ಅರ್ಥ.

ಅನಂತರ ವೈದ್ಯರು ಎರಡೇ ಪ್ರಶ್ನೆ ಕೇಳಿದರು. 'ಎಷ್ಟು ವರ್ಷ ಕಟ್ಟಿಗೆ ಒಲೆಯ ಮುಂದೆ ಅಡುಗೆ ಮಾಡಿದ್ದೀರಿ?' 'ಮುಟ್ಟು ನಿಂತು ಎಷ್ಟು ವರ್ಷವಾಯಿತು?'

ಎರಡನೆಯ ಪ್ರಶ್ನೆಗೆ ಅಕ್ಕ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಎದ್ದು ಹೊರಗೆ ಹೋಗಬೇಕೆಂದು ನನಗೂ ಅನ್ನಿಸಿತು. ಗಂಡುಮಕ್ಕಳ ಮುಂದೆ ಆಡುವ ಮಾತಲ್ಲ ಅದು ಎಂದು ನಾವಿಬ್ಬರೂ ಬೆಳೆದ ಮನೆಯಲ್ಲಿ ಕಲಿತದ್ದು. ಆದರೂ ಕುಳಿತೇ ಇದ್ದೆ. ಎಂಟು ವರ್ಷವಾಯಿತು ಎಂದು ಅವಳು ಮೆಲ್ಲಗೆ ಹೇಳಿದಳು. ರಾತ್ರಿ ಮೈಯೆಲ್ಲ ಒಮ್ಮೆಲೇ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಎದೆ ಡವಗುಟ್ಟುವುದು, ಒಂದೊಂದಾಗಿ ಎಲ್ಲವೂ ಹೊರಬಂತು. ಎಂಟು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ.

ಈ ಲೇಖನ ಬರೆಯಲು ಆ ದಿನವೇ ಕಾರಣ. ಮನೆಯಲ್ಲಿ ಐವತ್ತರ ಆಸುಪಾಸಿನ ತಾಯಿ, ಅಜ್ಜಿ, ಅತ್ತೆ ಇರುವ ಪ್ರತಿ ವಿದ್ಯಾರ್ಥಿಯೂ ಇದನ್ನು ಓದಲಿ. ಓದಿ ಅವರಿಗೂ ಹೇಳಲಿ.

ಮುಟ್ಟು ನಿಲ್ಲುವುದಕ್ಕೂ ಪುಪ್ಪಸಕ್ಕೂ ಏನು ನಂಟು?

ಮುಟ್ಟು ನಿಲ್ಲುವುದು ರೋಗವಲ್ಲ. ಹುಡುಗಿ ದೊಡ್ಡವಳಾಗುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಭಾರತೀಯ ಮಹಿಳೆಯರಲ್ಲಿ ಸರಾಸರಿ 46–47ರ ವಯಸ್ಸಿಗೆ ಋತುಬಂಧವಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು 51ರ ಸುಮಾರಿಗೆ. ಒಂದು ವರ್ಷ ಪೂರ್ತಿ ಮುಟ್ಟಾಗದಿದ್ದರೆ ಋತುಬಂಧವಾಗಿದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಂಡಾಶಯಗಳು ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳನ್ನು ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ.

ಈ ಹಾರ್ಮೋನುಗಳ ಕೆಲಸ ಗರ್ಭಕೋಶಕ್ಕಷ್ಟೇ ಸೀಮಿತ ಎಂದು ತಿಳಿಯಬಾರದು. ಮೂಳೆ, ರಕ್ತನಾಳ, ಮಿದುಳು, ಚರ್ಮ ಎಲ್ಲಕ್ಕೂ ಈಸ್ಟ್ರೊಜೆನ್ ಬೇಕು. ಪುಪ್ಪಸದ ಜೀವಕೋಶಗಳಲ್ಲೂ ಅದನ್ನು ಗುರುತಿಸುವ ಗ್ರಾಹಕಗಳಿವೆ. ಯೂರೋಪಿನಲ್ಲಿ ಸುಮಾರು 1,400 ಮಹಿಳೆಯರ ಉಸಿರಿನ ಅಳತೆಯನ್ನು 20 ವರ್ಷಗಳ ಕಾಲ ಹಿಂಬಾಲಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಯಸ್ಸಿನಿಂದ ಆಗಬೇಕಾದ ಇಳಿಕೆಯನ್ನು ಕಳೆದ ಮೇಲೂ, ಋತುಬಂಧವಾದವರ ಪುಪ್ಪಸದ ಸಾಮರ್ಥ್ಯ ವರ್ಷಕ್ಕೆ 10 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚಾಗಿ ಇಳಿಯುತ್ತಿತ್ತು.

10 ಮಿಲಿಲೀಟರ್ ಎಂದರೆ ಎರಡು ಚಹಾ ಚಮಚ. ಇದೇನು ಮಹಾ ಎನ್ನಬಹುದು. ಆದರೆ ಹತ್ತು ವರ್ಷಕ್ಕೆ ಅದು ಒಂದು ಕಪ್ಪು ಚಹಾದಷ್ಟಾಗುತ್ತದೆ. ವಯಸ್ಸಿನ ಇಳಿಕೆ ಬೇರೆ ಇದ್ದೇ ಇದೆ. ಮೂಳೆ ಸವೆದು ಬೆನ್ನು ಬಾಗಿದರೆ ಎದೆಗೂಡಿನ ಎತ್ತರವೇ ಕಡಿಮೆಯಾಗಿ ಪುಪ್ಪಸಕ್ಕೆ ಅರಳಲು ಜಾಗ ಸಾಲದು ಎಂಬುದು ಸಂಶೋಧಕರು ಕೊಡುವ ಕಾರಣಗಳಲ್ಲಿ ಒಂದು. ಬೆನ್ನು ನೆಟ್ಟಗಿಟ್ಟು ಕೂರಬೇಕೆಂದು ಹಿರಿಯರು ಗದರುತ್ತಿದ್ದುದರಲ್ಲಿ ವಿಜ್ಞಾನವೂ ಇತ್ತು.

ಒಲೆಯ ಲೆಕ್ಕ

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ನಮ್ಮ ಬೀದರ, ಕಲಬುರಗಿಯ ಹಳ್ಳಿಗಳಲ್ಲಿ ತೊಗರಿ ಕಟ್ಟಿಗೆ, ಜಾಲಿ ಕಟ್ಟಿಗೆ, ಕುಳ್ಳು, ಇವೇ ಉರುವಲು. ಜೋಳದ ರೊಟ್ಟಿ ಬೇಯಬೇಕಾದರೆ ಉರಿ ಜೋರಾಗಿರಬೇಕು. ಉರಿ ಆರಿದಾಗ ಊದುಗೊಳವೆಗೆ ಬಾಯಿ ಹಚ್ಚಿ ಊದಬೇಕು. ಊದಿ ಮುಗಿಸಿದ ಕೂಡಲೇ ದೀರ್ಘವಾಗಿ ಉಸಿರೆಳೆಯುವುದು ದೇಹದ ಸ್ವಭಾವ. ಆ ಉಸಿರಿನ ಜೊತೆ ಹೊಗೆ ನೇರವಾಗಿ ಪುಪ್ಪಸದ ಆಳಕ್ಕೆ ಇಳಿಯುತ್ತದೆ. ಬೀಡಿ ಮುಟ್ಟದ ಹೆಂಗಸರಿಗೂ ಬೀಡಿ ಸೇದುವವರ ಕಾಯಿಲೆ ಬರುವುದು ಹೀಗೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಸರಳ ಸೂಚ್ಯಂಕದ ಬಗ್ಗೆ ಬರೆದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಕೆಮ್ಮು–ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಹೆಚ್ಚುತ್ತದೆ.

ಅಕ್ಕನ ಲೆಕ್ಕ ಮಾಡಿದೆವು. ಹದಿನಾಲ್ಕನೆಯ ವಯಸ್ಸಿನಿಂದ ನಲವತ್ತಾರರವರೆಗೆ, ಅಂದರೆ 32 ವರ್ಷ, ದಿನಕ್ಕೆ 4 ಗಂಟೆ: 128. ಅನಂತರ ಮನೆಗೆ ಗ್ಯಾಸ್ ಬಂತು. ಚಹಾ, ಪಲ್ಯ ಅದರ ಮೇಲೆ. ಆದರೆ ಸಿಲಿಂಡರ್ ತುಟ್ಟಿ, ರೊಟ್ಟಿಯ ರುಚಿಯೂ ಒಲೆಯದ್ದೇ ಚಂದ ಎಂದು ರೊಟ್ಟಿ ಮಾತ್ರ ಒಲೆಯ ಮೇಲೆಯೇ ನಡೆಯಿತು. 8 ವರ್ಷ, ದಿನಕ್ಕೆ 2 ಗಂಟೆ: 16. ಒಟ್ಟು 144. ಅರವತ್ತರ ಎರಡು ಪಟ್ಟಿಗಿಂತ ಹೆಚ್ಚು. ಉಜ್ವಲ ಯೋಜನೆ 2016ರಲ್ಲಿ ಆರಂಭವಾದ ಮೇಲೆ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ, ನಿಜ. ಆದರೆ ಒಲೆ ಪೂರ್ತಿ ಆರಿದೆಯೇ ಎಂದು ಪ್ರತಿಯೊಬ್ಬರೂ ತಮ್ಮ ಮನೆಯ ಹಿತ್ತಲನ್ನು ನೋಡಿಕೊಳ್ಳಬೇಕು.

ಹೊಗೆ ಗಾಳಿಯ ನಾಳವನ್ನು ಕಿರಿದಾಗಿಸುತ್ತದೆ. ಋತುಬಂಧದ ನಂತರದ ಬದಲಾವಣೆ ಪುಪ್ಪಸದ ಒಟ್ಟು ಸಾಮರ್ಥ್ಯವನ್ನು ಕುಗ್ಗಿಸುತ್ತದೆ. ಒಂದು ಕೊಳವೆಯ ತೊಂದರೆ, ಇನ್ನೊಂದು ಚೀಲದ ತೊಂದರೆ. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಎರಡೂ ಒಟ್ಟಿಗೇ ಬರುತ್ತವೆ.

ಒತ್ತಡ ಬಂದು ಸೇರುವುದು ಎಲ್ಲಿ?

ಐವತ್ತರ ಹೊತ್ತಿಗೆ ಮನೆಯ ಹೆಂಗಸಿನ ಮೇಲಿರುವ ಭಾರವನ್ನು ಲೆಕ್ಕ ಹಾಕಿ ನೋಡಿ. ಮಗನ ಪರೀಕ್ಷೆ, ಮಗಳ ಮದುವೆ, ಅತ್ತೆ ಮಾವಂದಿರ ಆರೈಕೆ, ಹೊಲದ ಕೆಲಸ, ಸಾಲದ ಚಿಂತೆ. ಅದೇ ಹೊತ್ತಿಗೆ ದೇಹದೊಳಗೆ ಹಾರ್ಮೋನಿನ ಏರುಪೇರು. ರಾತ್ರಿ ಬೆವರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತದು. ನಿದ್ದೆಯಿಲ್ಲದವಳಿಗೆ ಮರುದಿನ ಎಲ್ಲವೂ ಬೆಟ್ಟ.

ಮನಸ್ಸಿಗೆ ಆತಂಕವಾದಾಗ ಅನುವೇದನಾ ನರವ್ಯೂಹ ಚುರುಕಾಗುತ್ತದೆ. ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್, ಕಾರ್ಟಿಸಾಲ್ ಸ್ರವಿಸುತ್ತವೆ. ಎದೆಬಡಿತ ಹೆಚ್ಚುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ. ಹುಲಿ ಎದುರಿಗೆ ಬಂದಾಗ ಓಡಲು ಪ್ರಕೃತಿ ಮಾಡಿಟ್ಟ ವ್ಯವಸ್ಥೆ ಇದು. ಆದರೆ ಸಂಸಾರದ ಚಿಂತೆ ಹುಲಿಯಂತೆ ಬಂದು ಹೋಗುವುದಿಲ್ಲ, ಮನೆಯಲ್ಲೇ ಕೂತಿರುತ್ತದೆ. ಆದ್ದರಿಂದ ಮೇಲುಸಿರೇ ಅಭ್ಯಾಸವಾಗಿಬಿಡುತ್ತದೆ. ಮೊದಲೇ ಕಿರಿದಾದ ನಾಳ, ಕುಗ್ಗಿದ ಪುಪ್ಪಸ, ಅದರ ಮೇಲೆ ಈ ಮೇಲುಸಿರು. ದಮ್ಮು ಹತ್ತಿದರೆ ಹೆದರಿಕೆ, ಹೆದರಿದರೆ ಇನ್ನಷ್ಟು ದಮ್ಮು.

ಈ ಚಕ್ರವನ್ನು ಎಲ್ಲಿ ತುಂಡರಿಸಬಹುದು? ಹೃದಯಕ್ಕೆ 'ನಿಧಾನ ಬಡಿ' ಎಂದರೆ ಅದು ಕೇಳುವುದಿಲ್ಲ. ಅಡ್ರಿನಲ್ ಗ್ರಂಥಿಗೂ ಕಿವಿಯಿಲ್ಲ. ಆದರೆ ಉಸಿರು ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ನಡೆಯುತ್ತದೆ. ಪ್ರಾಣಾಯಾಮವೆಂಬ ವಿದ್ಯೆ ಹಿಡಿದುಕೊಂಡಿರುವುದು ಈ ಒಂದು ಹಗ್ಗವನ್ನೇ.

ಉಸಿರಿನ ಗಣಿತ

ವಿದ್ಯಾರ್ಥಿಗಳೇ, ಇದೊಂದು ಲೆಕ್ಕ ಮಾಡಿ ನೋಡಿ. ಸಾಮಾನ್ಯವಾಗಿ ನಾವು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತೇವೆ. ಅದರಲ್ಲಿ 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ವ್ಯರ್ಥವಾಗುತ್ತದೆ. ಗಾಳಿಗೂಡುಗಳನ್ನು ತಲುಪುವುದು 350 ಮಾತ್ರ. ನಿಮಿಷಕ್ಕೆ 15 ಉಸಿರಾದರೆ ಎಳೆದದ್ದು 7,500 ಮಿಲಿಲೀಟರ್. ಗೂಡು ಮುಟ್ಟಿದ್ದು 5,250.

ಈಗ ನಿಮಿಷಕ್ಕೆ 6 ಸಲ ಮಾತ್ರ, ಆದರೆ ಒಂದು ಉಸಿರಿಗೆ 1,250 ಮಿಲಿಲೀಟರ್ ಎಳೆಯಿರಿ. ಎಳೆದದ್ದು ಅದೇ 7,500. ವ್ಯರ್ಥವಾದದ್ದು 6 ಸಲ 150, ಅಂದರೆ 900. ಗೂಡು ಮುಟ್ಟಿದ್ದು 6,600. ಅಷ್ಟೇ ಗಾಳಿಗೆ ಕಾಲುಭಾಗ ಹೆಚ್ಚು ಲಾಭ! ನಮ್ಮ ಪುಪ್ಪಸಗಳಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಮೇಲುಸಿರಿನಲ್ಲಿ ತಳಭಾಗದ ಗೂಡುಗಳಿಗೆ ಹೊಸ ಗಾಳಿ ಸರಿಯಾಗಿ ಸಿಗುವುದಿಲ್ಲ. ಹೊಟ್ಟೆ ಉಬ್ಬುವಂತೆ ಉಸಿರೆಳೆದಾಗ ವಪೆ ಕೆಳಗಿಳಿದು ಅವಕ್ಕೂ ಗಾಳಿ ತಲುಪುತ್ತದೆ.

ನಿಮಿಷಕ್ಕೆ 6 ಉಸಿರು ಎಂಬ ಈ ಸಂಖ್ಯೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳುವವರ ಉಸಿರನ್ನು ಅಳೆದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಭಾಷೆ, ಮತ ಬೇರೆ ಬೇರೆಯಾದರೂ ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಹೃದಯ ಮತ್ತು ರಕ್ತದೊತ್ತಡದ ಲಯಗಳು ಉಸಿರಿನ ಲಯದೊಂದಿಗೆ ಹೊಂದಿಕೊಂಡಿದ್ದವು. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಅಜ್ಜಿಯರು ಎಳೆದೆಳೆದು ಹಾಡುತ್ತಿದ್ದ ಪದಗಳೂ ಅವರಿಗೆ ತಿಳಿಯದೆಯೇ ಉಸಿರನ್ನು ನೀಳವಾಗಿಸಿರಬೇಕು. ಕಲ್ಲು ಹೋಯಿತು, ಹಿಟ್ಟಿನ ಗಿರಣಿ ಬಂತು. ಕೈನೋವು ಉಳಿಯಿತೆಂದು ಸಂತೋಷಪಡೋಣ, ಆದರೆ ಹಾಡನ್ನು ಬಿಡುವ ಕಾರಣವಿರಲಿಲ್ಲ.

ಪುಪ್ಪಸದ ರೋಗದಿಂದ ಯೋಗದ ಕಡೆಗೆ

ಯೋಗ ಮತ್ತು ಉಸಿರಿನ ಕಥೆಯಲ್ಲಿ ನಮ್ಮ ನಾಡಿಗೆ ದೊಡ್ಡ ಪಾಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲದರಿಂದಲೂ ನರಳಿ ಕಡ್ಡಿಯಾಗಿದ್ದ ಹುಡುಗ. ಮೈಸೂರಿನಲ್ಲಿ ಮಹಾರಾಜರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಟಿ. ಕೃಷ್ಣಮಾಚಾರ್ಯರ ಬಳಿಗೆ 1934ರಲ್ಲಿ ಬಂದು, ಮುಂದೆ ಜಗತ್ತಿಗೇ ಯೋಗ ಕಲಿಸಿದರು.

ಪ್ರಯೋಗಶಾಲೆಯ ಮಾತಿಗೆ ಬಂದರೆ ಬೆಂಗಳೂರಿಗೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಪಡೆದ ಎಂಜಿನಿಯರ್ ಎಚ್.ಆರ್. ನಾಗೇಂದ್ರ ಹಾಗೂ ವೈದ್ಯೆ ಆರ್. ನಾಗರತ್ನ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 53 ಆಸ್ತಮಾ ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿ, ದಿನಕ್ಕೆ 65 ನಿಮಿಷ ಅಭ್ಯಾಸ ಮುಂದುವರಿಸಲು ಹೇಳಲಾಯಿತು. ಅವರಿಗೆ ಸರಿಹೊಂದುವ ಇನ್ನೂ 53 ಜನ ಮಾಮೂಲಿ ಔಷಧಿ ಮಾತ್ರ ತೆಗೆದುಕೊಂಡರು. ಯೋಗ ಮಾಡಿದವರಲ್ಲಿ ವಾರಕ್ಕೆ ಬರುವ ಉಬ್ಬಸದ ಸಂಖ್ಯೆ, ಬೇಕಾದ ಔಷಧಿಯ ಪ್ರಮಾಣ ಎರಡೂ ಹೆಚ್ಚು ಇಳಿದವು. ಊದುವ ಉಸಿರಿನ ವೇಗ ಏರಿತು.

ಇದೇ ತಂಡ ಮುಂದೆ ಬೆಂಗಳೂರಿನ ಹೊರವಲಯದ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ನೆಲೆನಿಂತು, ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವಾಗಿ ಬೆಳೆಯಿತು. ಅಲ್ಲಿನ ರಿತು ಛಟ್ಠಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮುಟ್ಟು ನಿಲ್ಲುವ ಹಂತದಲ್ಲಿದ್ದ, 40ರಿಂದ 55 ವಯಸ್ಸಿನ 120 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸೂರ್ಯನಮಸ್ಕಾರ, ಉಸಿರಾಟದ ಅಭ್ಯಾಸ, ಆವರ್ತನ ಧ್ಯಾನ. ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಸರಳ ವ್ಯಾಯಾಮ. ದಿನಕ್ಕೆ ಒಂದು ಗಂಟೆ, ವಾರಕ್ಕೆ 5 ದಿನ, ಒಟ್ಟು 8 ವಾರ. ಬಿಸಿ ಏರುವುದು, ರಾತ್ರಿ ಬೆವರುವುದು, ನಿದ್ದೆಗೆಡುವುದು, ಮನಸ್ಸಿನ ಒತ್ತಡ, ಇವೆಲ್ಲ ವ್ಯಾಯಾಮಕ್ಕಿಂತ ಯೋಗದ ಗುಂಪಿನಲ್ಲಿ ಹೆಚ್ಚು ತಗ್ಗಿದವು. ನೆನಪಿನ ಶಕ್ತಿ, ಏಕಾಗ್ರತೆಯ ಪರೀಕ್ಷೆಗಳಲ್ಲೂ ಅವರೇ ಮುಂದಿದ್ದರು.

ನಾಣ್ಯದ ಇನ್ನೊಂದು ಮುಖ

ವಿಜ್ಞಾನದ ಮೇಷ್ಟ್ರಾಗಿ ಒಂದು ಕಡೆಯ ಮಾತಷ್ಟೇ ಹೇಳಿದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವಾರ ಯೋಗ ಮಾಡಿದವರಿಗೆ ನಿದ್ದೆ ಸುಧಾರಿಸಿತು. ಆದರೆ ಬಿಸಿ ಏರುವ ಸಂಖ್ಯೆ ಯೋಗ ಮಾಡದವರಿಗಿಂತ ಕಡಿಮೆಯೇನೂ ಆಗಲಿಲ್ಲ. ಆಸ್ತಮಾ ಮತ್ತು ಯೋಗದ ಬಗ್ಗೆ ನಡೆದ 15 ಅಧ್ಯಯನಗಳನ್ನು, ಅಂದರೆ 1,048 ರೋಗಿಗಳ ವಿವರಗಳನ್ನು, ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಮೀಕ್ಷೆ 2016ರಲ್ಲಿ ಬಂತು. ರೋಗಿಗಳ ದಿನನಿತ್ಯದ ಬದುಕು ಸ್ವಲ್ಪಮಟ್ಟಿಗೆ ಹಗುರವಾಗುತ್ತದೆ, ಆದರೆ ಪುಪ್ಪಸದ ಅಳತೆ ಹೆಚ್ಚುತ್ತದೆಂದು ಖಚಿತವಾಗಿ ಹೇಳಲಾಗದು ಎಂಬುದು ಅದರ ತೀರ್ಮಾನ.

ಹಾಗಾದರೆ ನಾವು ತಿಳಿಯಬೇಕಾದದ್ದು ಇಷ್ಟು. ಯೋಗ ಹೋದ ಪುಪ್ಪಸವನ್ನು ಮರಳಿ ಕೊಡುವುದಿಲ್ಲ. ಇರುವ ಪುಪ್ಪಸವನ್ನು ಚೆನ್ನಾಗಿ ಬಳಸಲು ಕಲಿಸುತ್ತದೆ. ಅದು ಔಷಧಿಗೆ ಜೊತೆಗಾರ, ಬದಲಿಯಲ್ಲ. ಪ್ರಾಣಾಯಾಮ ಶುರುಮಾಡಿದೆವೆಂದು ಇನ್‌ಹೇಲರ್ ಬಿಟ್ಟವರನ್ನು ನಾನೇ ನೋಡಿದ್ದೇನೆ. ಅದು ಅಪಾಯಕ್ಕೆ ಆಹ್ವಾನ.

ಅಕ್ಕನ ಆರು ತಿಂಗಳು

ವೈದ್ಯರು ಅಕ್ಕನಿಗೆ ಇನ್‌ಹೇಲರ್ ಬರೆದುಕೊಟ್ಟು, ಒಲೆ ಪೂರ್ತಿ ಬಿಡಬೇಕು, ದಿನಾ ನಡೆಯಬೇಕು, ಬಲ್ಲವರಿಂದ ಕಲಿತು ಸರಳ ಯೋಗ ಮಾಡಬಹುದು ಎಂದರು. ಮನೆಗೆ ಬಂದು ನಮ್ಮ ಶಾಲೆಯ ಪ್ರಯೋಗವನ್ನೇ ಅಂಗಳದಲ್ಲಿ ಹೂಡಿದೆ. 5 ಲೀಟರಿನ ಎಣ್ಣೆಯ ಕ್ಯಾನಿಗೆ ಅಳತೆಯ ಗೆರೆ ಎಳೆದು, ನೀರು ತುಂಬಿ, ನೀರಿದ್ದ ಬುಟ್ಟಿಯಲ್ಲಿ ಬೋರಲು ಹಿಡಿದು, ಒಳಗೆ ರಬ್ಬರ್ ನಳಿಕೆ ತೂರಿಸಿದೆ. ಅಕ್ಕ ಎದೆ ತುಂಬ ಉಸಿರೆಳೆದು ಊದಿದಳು. ಇಳಿದ ನೀರಿನ ಗೆರೆಗೆ ಮಗಳು ಪೆನ್ಸಿಲಿನಿಂದ ತಾರೀಖು ಬರೆದಳು.

ಮೊದಲ ತಿಂಗಳು ಅಕ್ಕ ದಿನಾ ಫೋನಿನಲ್ಲಿ ಗೊಣಗಿದಳು. 'ಮನ್ಯಾಗ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕುಂತ್ರ ಸೊಸಿ ಏನಂದಾಳು?' ಎಂಬುದು ಅವಳ ದೊಡ್ಡ ಚಿಂತೆ. ಇದಕ್ಕೆ ಉತ್ತರ ಕೊಟ್ಟವಳು ಸೊಸೆಯೇ. ಬೆಳಗಿನ ರೊಟ್ಟಿಯ ಕೆಲಸ ತಾನು ಹಿಡಿದಳು, ಗ್ಯಾಸಿನ ಮೇಲೆ. ಸಂಜೆ ಅತ್ತೆಯ ಪಕ್ಕದಲ್ಲಿ ತಾನೂ ಚಾಪೆ ಹಾಸಿ ಕೂರತೊಡಗಿದಳು. ಅವಳ ಒಲೆಯ ಲೆಕ್ಕ ಆಗಲೇ 30ಕ್ಕೆ ಬಂದಿತ್ತು. ಅಲ್ಲಿಗೇ ನಿಂತಿತು.

ಆರು ತಿಂಗಳ ನಂತರ ಅಕ್ಕ ಮತ್ತೆ ಬಂದಾಗ ಕ್ಯಾನಿನಲ್ಲಿ ಊದಿಸಿದೆವು. ಗೆರೆ ಹೆಚ್ಚೇನೂ ಸರಿದಿರಲಿಲ್ಲ. ಪೆನ್ಸಿಲ್ ಗುರುತಿನಿಂದ ಒಂದು ಬೆರಳಗಲವೂ ಇಲ್ಲ. ಮಗಳ ಮುಖ ಸಪ್ಪಗಾಯಿತು. ಆದರೆ ಆಮೇಲೆ ಅಕ್ಕ ಮಾಳಿಗೆ ಹತ್ತಿದಳು. ಹದಿನೆಂಟು ಮೆಟ್ಟಿಲು, ನಿಧಾನವಾಗಿ, ಒಂದು ಮೆಟ್ಟಿಲಿಗೆ ಒಂದು ಉಸಿರಿನಂತೆ. ನಡುವೆ ನಿಲ್ಲಲಿಲ್ಲ. ಇದು ಔಷಧಿಯಿಂದಲೋ, ಹೊಗೆ ಬಿಟ್ಟದ್ದರಿಂದಲೋ, ಯೋಗದಿಂದಲೋ ಎಂದು ಒಬ್ಬಳ ಅನುಭವದಿಂದ ಬಿಡಿಸಿ ಹೇಳಲಾಗದು. ಮೂರೂ ಸೇರಿವೆ ಎಂದೇ ನನ್ನ ನಂಬಿಕೆ. ಬಿಸಿ ಏರುವುದು ಪೂರ್ತಿ ನಿಂತಿಲ್ಲ. 'ಬಂದ್ರ ಬರ್ಲಿ, ಉಸಿರು ಎಣಿಸ್ತೀನಿ, ಹೋಗ್ತದ' ಎನ್ನುತ್ತಾಳೆ. ಎಂಟು ವರ್ಷ ಬಾಯಿ ಬಿಡದವಳು ಈಗ ಓಣಿಯ ಹೆಂಗಸರಿಗೆ ಹೇಳಿಕೊಡುತ್ತಾಳೆ.

ಹೀಗೆ ಮಾಡಬಹುದು

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಥವಾ ಊಟವಾಗಿ ಮೂರು ನಾಲ್ಕು ಗಂಟೆಯ ನಂತರ, ಹೊಗೆ–ದೂಳಿಲ್ಲದ ಜಾಗದಲ್ಲಿ, ಒಟ್ಟು ಅರ್ಧ ಗಂಟೆ ಸಾಕು. ಆರಂಭದಲ್ಲಿ ಬಲ್ಲವರ ಎದುರು ಕಲಿಯುವುದು ಒಳ್ಳೆಯದು. ನೆಲದ ಮೇಲೆ ಕೂರಲಾಗದವರು ಕುರ್ಚಿಯ ಮೇಲೆ ಕೂರಬಹುದು.

1. ಕೈ ಅಗಲಿಸುವುದು: ನೇರ ನಿಂತು, ಉಸಿರೆಳೆಯುತ್ತ ಎರಡೂ ಕೈ ಅಗಲಿಸಿ, ಬಿಡುತ್ತ ಎದೆಯ ಮುಂದೆ ಕೂಡಿಸಿ. ಐದು ಸಲ.

2. ಆಸನ: ತಾಡಾಸನ, ಅರ್ಧಕಟಿ ಚಕ್ರಾಸನ, ಆಗುವವರಿಗೆ ಭುಜಂಗಾಸನ. ಇವು ಎದೆಗೂಡನ್ನು ಹಿಗ್ಗಿಸುತ್ತವೆ. ಮೂಳೆ ಸವೆತ ಇರುವವರು ಮುಂದಕ್ಕೆ ಜೋರಾಗಿ ಬಾಗುವ ಆಸನ ಮಾಡಬಾರದು.

3. ಹೊಟ್ಟೆಯುಸಿರು: ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈಯಿಡಿ. ಎಳೆಯುವಾಗ ಕೈ ಮೇಲೇಳಬೇಕು, ಬಿಡುವಾಗ ಇಳಿಯಬೇಕು. ಐದು ನಿಮಿಷ.

4. ನಾಡಿಶುದ್ಧಿ: ಎಡಮೂಗಿನಿಂದ ಎಳೆದು ಬಲದಿಂದ ಬಿಡಿ, ಬಲದಿಂದ ಎಳೆದು ಎಡದಿಂದ ಬಿಡಿ. ಇದು ಒಂದು ಸುತ್ತು. ಒಂಬತ್ತು ಸುತ್ತು. ಉಸಿರು ಕಟ್ಟಬೇಡಿ.

5. ಭ್ರಾಮರಿ: ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡಿ. ಐದು ಸಲ. ಹೀಗೆ ಗುನುಗುವಾಗ ಮೂಗಿನ ಕುಹರಗಳಿಂದ ನೈಟ್ರಿಕ್ ಆಕ್ಸೈಡ್ ಹೊರಬರುವುದು ಸುಮಾರು 15 ಪಟ್ಟು ಹೆಚ್ಚುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದ್ದಾರೆ.

6. ಶವಾಸನ: ಐದರಿಂದ ಹತ್ತು ನಿಮಿಷ.

ದಮ್ಮು ಹತ್ತಿದಾಗ: ಮೂಗಿನಿಂದ ಉಸಿರೆಳೆದು, ಊದುಗೊಳವೆ ಊದುವಂತೆ ತುಟಿ ಕೂಡಿಸಿ, ಎಳೆದದ್ದರ ಎರಡು ಪಟ್ಟು ಹೊತ್ತು ಮೆಲ್ಲಗೆ ಬಿಡಿ. ಹೀಗೆ ಮಾಡಿದಾಗ ಒಳಗಿನ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ.

ಎಚ್ಚರಿಕೆ: ರಕ್ತದೊತ್ತಡ, ಹೃದಯರೋಗ, ಹರ್ನಿಯಾ ಇರುವವರು ಹಾಗೂ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಕಪಾಲಭಾತಿ, ಭಸ್ತ್ರಿಕಾ ಮಾಡಬಾರದು. ಕಣ್ಣಿನ ಒತ್ತಡ ಇರುವವರು ತಲೆಕೆಳಗಾಗುವ ಆಸನ ಮಾಡಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತವಾಗಿ ಆಗುತ್ತದೆ, ಮಾಡಿಸಿ. ಕಫದಲ್ಲಿ ರಕ್ತ, ಎದೆನೋವು ಇದ್ದರೆ ಕೂಡಲೇ ವೈದ್ಯರ ಬಳಿ ಹೋಗಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತಸ್ರಾವ ಕಂಡರೆ ಎಷ್ಟೇ ಸ್ವಲ್ಪವಾದರೂ ನಾಚಿಕೆಪಡದೆ ತೋರಿಸಿ. ಅದನ್ನು ಯೋಗದಿಂದ ಸರಿಮಾಡಲು ಹೋಗಬೇಡಿ.

ಮಕ್ಕಳಿಗೊಂದು ಮನೆಗೆಲಸ

ವಿದ್ಯಾರ್ಥಿಗಳೇ, ಈ ಭಾನುವಾರ ಮೂರು ಕೆಲಸ ಮಾಡಿ. ಒಂದು, ನಿಮ್ಮ ಮನೆಯ ಹಿರಿಯ ಹೆಂಗಸರ ಒಲೆಯ ಲೆಕ್ಕ ಹಾಕಿ. 60 ದಾಟಿದ್ದರೆ ಅಪ್ಪನಿಗೆ ಹೇಳಿ. ಎರಡು, ಅವರು ಸುಮ್ಮನೆ ಕುಳಿತಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಎಂದು ಅವರಿಗೆ ತಿಳಿಯದಂತೆ ಎಣಿಸಿ. ಮೂರು, ಕ್ಯಾನಿನ ಪ್ರಯೋಗ ಮಾಡಿ. ಪ್ರತಿಯೊಬ್ಬರಿಗೂ ನಳಿಕೆಯ ತುದಿಗೆ ಬೇರೆ ಕೊಳವೆ ಹಾಕಿ, ತಲೆ ಸುತ್ತಿದರೆ ನಿಲ್ಲಿಸಿ. ಇದರಿಂದ ರೋಗ ಪತ್ತೆಯಾಗುವುದಿಲ್ಲ. ಅದು ವೈದ್ಯರ ಕೆಲಸ. ಆದರೆ ಆ ಒಂದು ತಾಸು ನೀವು ನಿಮ್ಮ ಅವ್ವನ ಉಸಿರಿನ ಕಡೆ ನೋಡಿರುತ್ತೀರಿ.

ಪಾಲಕರಲ್ಲಿ, ಮುಖ್ಯವಾಗಿ ಅಪ್ಪಂದಿರಲ್ಲಿ, ನನ್ನದೊಂದು ವಿನಂತಿ. ಅರ್ಧ ಗಂಟೆ ಯೋಗ ಮಾಡಬೇಕಾದರೆ ಅರ್ಧ ಗಂಟೆ ಬಿಡುವು ಬೇಕು. ಆ ಬಿಡುವನ್ನು ಮನೆಯವರು ಕೊಡದೆ ಯಾವ ಪ್ರಾಣಾಯಾಮವೂ ನಡೆಯುವುದಿಲ್ಲ. ಒಂದು ಹೊತ್ತಿನ ಪಾತ್ರೆ ನಾವು ತೊಳೆದರೆ ಕೈ ಸವೆಯುವುದಿಲ್ಲ. ನಾನು ಶುರುಮಾಡಿದ್ದೇನೆ. ಪಾತ್ರೆ ಅಷ್ಟು ಚೊಕ್ಕ ಆಗುವುದಿಲ್ಲ ಎಂಬ ದೂರು ಮಾತ್ರ ಇದೆ.

ನಮ್ಮ ಅವ್ವನ ಊದುಗೊಳವೆ ಇನ್ನೂ ಅಟ್ಟದ ಮೇಲಿದೆ. ಬಾಯಿ ಹಚ್ಚುವ ತುದಿ ಸವೆದು ನುಣುಪಾಗಿದೆ. ಅದನ್ನು ಕೆಳಗಿಳಿಸಿ ಶಾಲೆಗೆ ಒಯ್ದಿದ್ದೇನೆ. ಉಸಿರಾಟದ ಪಾಠ ಹೇಳುವಾಗ ಈಗ ಗಾಜಿನ ಜಾಡಿಯ ಪಕ್ಕದಲ್ಲಿ ಅದನ್ನೂ ಮೇಜಿನ ಮೇಲೆ ಇಡುತ್ತೇನೆ.